ಪದ ಪರಿಚಯ: ಲಿಂಪ್ ಮೋಡ್

ಸೆಕೆಂಡ್‌ಹ್ಯಾಂಡ್ ಆಡಿ, ಬಿಎಂಡಬ್ಲ್ಯೂ, ಬೆಂಜ್ ಕೊಂಡವರಿಂದ ಚಿಕ್ಕಬಳ್ಳಾಪುರದ ಕಡೆ ಪದೇ ಪದೇ ಕೇಳುವ ದೂರು ಇದು: ‘ಹೈವೇಲಿ ಚೆನ್ನಾಗೇ ಬಂತು. ನಂದಿ ಬೆಟ್ಟ ಹತ್ತುವಾಗ ಇದ್ದಕ್ಕಿದ್ದಂಗೆ ಪಿಕಪ್ ಹೋಯ್ತು. ಎಷ್ಟು ತುಳಿದ್ರೂ ಆರ್‌ಪಿಎಂ 3000 ದಾಟಲ್ಲ. ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ ಮತ್ತೆ ಸರಿಹೋಯ್ತು.’ ಈ ಸ್ಥಿತಿಗೆ ಲಿಂಪ್ ಮೋಡ್ ಎನ್ನುತ್ತಾರೆ.

ಎಂಜಿನ್ ಅಥವಾ ಗೇರ್‌ಬಾಕ್ಸ್ ನೋಡಿಕೊಳ್ಳುವ ಕಂಪ್ಯೂಟರಿಗೆ ಸೆನ್ಸರುಗಳ ಲೆಕ್ಕ ತಾಳೆಯಾಗದಿದ್ದರೆ, ಅದು ತಾನಾಗಿಯೇ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಒತ್ತಡ ಇಳಿಸುತ್ತದೆ, ಇಲ್ಲವೇ ಗೇರನ್ನು ಒಂದರಲ್ಲೇ ಹಿಡಿದಿಡುತ್ತದೆ. ದೊಡ್ಡ ಅನಾಹುತ ಆಗದಂತೆ, ಮನೆಯವರೆಗೋ ಗ್ಯಾರೇಜಿನವರೆಗೋ ಮೆಲ್ಲಗೆ ಹೋಗುವಷ್ಟು ಶಕ್ತಿ ಮಾತ್ರ ಉಳಿಸುತ್ತದೆ. ಆಡಿಯಲ್ಲಿ ಎಂಜಿನ್ ಪವರ್ ತೊಂದರೆ ತೋರಿಸುವ ಇಪಿಸಿ ದೀಪ ಹತ್ತಬಹುದು, ಬಿಎಂಡಬ್ಲ್ಯೂನಲ್ಲಿ ‘ಡ್ರೈವ್‌ಟ್ರೇನ್’ ಎಂಬ ಸಂದೇಶ ಬರಬಹುದು.

ಬೆಟ್ಟದಲ್ಲೇ ಯಾಕೆ? ನಂದಿಯ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಸಮತಟ್ಟು ರಸ್ತೆಯಲ್ಲಿ ಹದವಾಗಿ ಓಡಿಸುವಾಗ ಟರ್ಬೊಗೆ ಹೆಚ್ಚು ಕೆಲಸವಿಲ್ಲ. ನಾಲ್ಕು ಜನರನ್ನು ಕೂರಿಸಿಕೊಂಡು ತಿರುವು ಹತ್ತುವಾಗ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಪೂರ್ತಿ ಒತ್ತಡ ಕೇಳುತ್ತದೆ. ಕೇಳಿದಷ್ಟು ಗಾಳಿ ಬರದಿದ್ದರೆ ಪಿ0299 ಎಂಬ ದೋಷದ ಕೋಡ್ ದಾಖಲಾಗುತ್ತದೆ, ಅಂದರೆ ಟರ್ಬೊ ಒತ್ತಡ ಕಡಿಮೆ.

ಹಣ ಪೋಲಾಗುವುದು ಇಲ್ಲೇ. ಕೋಡ್ ಓದಿದ ಕೂಡಲೇ ‘ಟರ್ಬೊ ಹೋಗಿದೆ’ ಎಂದು ತೀರ್ಪು ಕೊಡುವವರು ಬೇಕಾದಷ್ಟಿದ್ದಾರೆ. ಟರ್ಬೊ ಬೆಲೆ ಕೇಳಿ ಮಾಲೀಕರ ಎದೆ ಝಲ್ಲೆನ್ನುತ್ತದೆ. ಆದರೆ ಆ ಕೋಡ್ ಹೇಳುವುದು ಒತ್ತಡ ಸಾಲಲಿಲ್ಲ ಎಂದಷ್ಟೇ. ಯಾವ ಪಾರ್ಟ್ ಬದಲಿಸಬೇಕು ಎಂದಲ್ಲ. ಟರ್ಬೊ ಗಾಳಿ ತಂಪು ಮಾಡುವ ಇಂಟರ್‌ಕೂಲರಿನ ರಬ್ಬರ್ ಹೋಸ್ ಬಿರಿದಿರಬಹುದು, ಸಣ್ಣ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದಿರಬಹುದು, ಟರ್ಬೊ ಒತ್ತಡ ಹಿಡಿತದಲ್ಲಿಡುವ ಆಕ್ಚುಯೇಟರ್ ಸಿಕ್ಕಿಕೊಂಡಿರಬಹುದು, ಡೀಸೆಲ್ ಆದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿರಬಹುದು. ಇವೆಲ್ಲ ನೋಡಿ ಮುಗಿದ ಮೇಲೆ ಟರ್ಬೊ ಮಾತು.

ಬಿರಿದ ಹೋಸ್ ಹುಡುಕುವುದಕ್ಕೂ ಕಣ್ಣು ಪಳಗಿರಬೇಕು. ಐಡಲ್‌ನಲ್ಲಿ ಸೀಳು ಮುಚ್ಚಿಕೊಂಡೇ ಇರುತ್ತದೆ, ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಬಾನೆಟ್ ಎತ್ತಿ ಕ್ಲಾಂಪಿನ ಹತ್ತಿರ, ಹೋಸಿನ ಕೆಳಮೈಯನ್ನು ಬೆರಳಲ್ಲಿ ಸವರಿ ನೋಡಿ. ಎಣ್ಣೆ ಜಿಡ್ಡಿಗೆ ನಮ್ಮ ಕೆಂಪು ಧೂಳು ಅಂಟಿ ಒಂದು ಪಟ್ಟೆಯಂತೆ ನಿಂತಿದ್ದರೆ ಅಲ್ಲಿಂದಲೇ ಗಾಳಿ ಸೋರುತ್ತಿರುವ ಸಾಧ್ಯತೆ ಹೆಚ್ಚು. ಅನುಮಾನ ಉಳಿದರೆ ಪೈಪಿನೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ.

ಗೇರ್‌ಬಾಕ್ಸಿನ ಲಿಂಪ್ ಮೋಡ್ ಬೇರೆ ಥರ. ಹಳೆಯ ಬೆಂಜ್‌ಗಳ ಐದು ಗೇರಿನ 722.6 ಆಟೋಮ್ಯಾಟಿಕ್ ಎರಡನೇ ಗೇರಿನಲ್ಲೇ ನಿಂತುಬಿಡುತ್ತದೆ. ಒಳಗಿನ ಕಂಡಕ್ಟರ್ ಪ್ಲೇಟಿನ (ಸೆನ್ಸರುಗಳು ಕೂತ ವಿದ್ಯುತ್ ಫಲಕ) ಸ್ಪೀಡ್ ಸೆನ್ಸರ್ ಕೆಡುವುದು ಒಂದು ಕಾರಣ. ಕನೆಕ್ಟರಿನ ಸೀಲ್ ಹೋಗಿ ಎಣ್ಣೆ ವೈರಿನೊಳಗೇ ಹತ್ತಿಕೊಂಡು ಕಂಟ್ರೋಲ್ ಯೂನಿಟ್ ತಲುಪುವುದು ಇನ್ನೊಂದು. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು ಎನ್ನುವವರಿಗೆ ಮೊದಲು ಆ ಕನೆಕ್ಟರ್ ಎಳೆದು ತೋರಿಸಿ ಎನ್ನಿ.

ಬ್ಯಾಟರಿ ಸೊರಗಿದ್ದರೂ ಸಂಬಂಧವೇ ಇಲ್ಲದ ಹತ್ತಾರು ಕೋಡ್ ಏಳುತ್ತವೆ, ಬ್ಯಾಟರಿಯ ವೋಲ್ಟೇಜನ್ನೂ ಮೊದಲೇ ಚೆಕ್ ಮಾಡಿಸಿ.

ಕೋಡನ್ನು ಅವಸರಕ್ಕೆ ಅಳಿಸಬೇಡಿ. ಅದರ ಜೊತೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಇರುತ್ತದೆ: ತೊಂದರೆ ಆದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟು, ಲೋಡ್ ಎಷ್ಟು, ಎಂಜಿನ್ ಬಿಸಿ ಎಷ್ಟು. ಮೆಕ್ಯಾನಿಕ್‌ಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಯಿಲ್ ಪ್ರೆಷರ್‌ನ ಕೆಂಪು ದೀಪ ಹತ್ತಿದರೆ, ಇಲ್ಲವೇ ಟೆಂಪರೇಚರ್ ಏರಿದರೆ ಲಿಂಪ್ ಮೋಡನ್ನು ನಂಬಿ ಓಡಿಸಲೇಬೇಡಿ. ಎಂಜಿನ್ ಆಫ್ ಮಾಡಿ ಗಾಡಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ.

ಹೋಸ್ ತರಿಸುವಾಗ ‘ಎ4 ಡೀಸೆಲ್’ ಎಂದರೆ ಸಾಲದು. 17 ಅಕ್ಷರದ ವಿಐಎನ್ (ಚಾಸಿ ನಂಬರ್) ಕೊಡಿ, ಹಳೆಯ ಪಾರ್ಟಿನ ನಂಬರಿನ ಕೊನೆಯ ಅಕ್ಷರವನ್ನೂ ಬಿಡದೆ ಓದಿ ಹೇಳಿ. ಒಂದೇ ಮಾದರಿಯಲ್ಲೂ ಎಂಜಿನ್ ಬದಲಾದರೆ ಹೋಸಿನ ಬಾಗು ಬದಲಾಗುತ್ತದೆ.

ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು. ತೋರಿಸುವ ಮುಂಚೆ ಕೋಡ್ ಅಳಿಸಿಟ್ಟಿರುವುದುಂಟು. ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ನೋಡಿ, ಕಾರು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ಅದು ಹೇಳುತ್ತದೆ. ಹಲವು ‘ಇನ್‌ಕಂಪ್ಲೀಟ್’ ಎಂದಿದ್ದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಆಗ ಊರೊಳಗೆ ಒಂದು ಸುತ್ತು ಹೊಡೆದು ಒಪ್ಪಿಕೊಳ್ಳದೆ, ಗಾಡಿಯನ್ನು ನಂದಿ ಬೆಟ್ಟಕ್ಕೆ ಹತ್ತಿಸಿ ನೋಡಿ, ಇಳಿದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ.