ಒಣಮೀನು, ಮಲ್ಪೆ ಬಿಸಿಲು ಮತ್ತು ಟ್ಯಾನ್ ಅನ್ನೋ ನೂರು ವರ್ಷದ ಹುಚ್ಚು

"ನೀನೆಂತ ಒಣಮೀನಾ, ಬಿಸಿಲಿಗೆ ಬಿದ್ಕೊಳ್ಲಿಕ್ಕೆ?" ಅಂತ ಅಮ್ಮ ಕೇಳಿದ್ದು ನಮ್ಮ ಅಕ್ಕನ ಮಗಳ ಹತ್ರ. ಅವಳು ಹುಟ್ಟಿ ಬೆಳೆದದ್ದೆಲ್ಲ ಜರ್ಮನಿಯಲ್ಲಿ, ಏಪ್ರಿಲ್ ರಜೆಗೆ ಉಡುಪಿಗೆ ಬಂದವಳು ಮಲ್ಪೆ ಬೀಚಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೈಗೆ ತೆಂಗಿನೆಣ್ಣೆ ಹಚ್ಕೊಂಡು ಒಂದೂವರೆ ಗಂಟೆ ಮಲಗಿದ್ದಾಳೆ, ವಾಪಸ್ ಹೋಗುವಾಗ ಫ್ರೆಂಡ್ಸಿಗೆ ಒಳ್ಳೆ ಟ್ಯಾನ್, ಅಂದ್ರೆ ಬಿಸಿಲಿಗೆ ಕಂದಿದ ಮೈಬಣ್ಣ, ತೋರಿಸ್ಬೇಕಂತೆ. ರಾತ್ರಿ ಆಗುವಾಗ ಹೆಗಲ ಮೇಲೆ ಬಟ್ಟೆ ತಾಗಿದ್ರೂ ಕಿರುಚಾಟ. ಅಮ್ಮ ಲೋಳೆಸರ ಸೀಳಿ ಹಚ್ತಾ "ನಾವಿಲ್ಲಿ ಕಪ್ಪಾಗ್ಬಾರ್ದು ಅಂತ ಕೊಡೆ ಹಿಡ್ಕೊಂಡು ಓಡಾಡುದು, ಇವಳು ನೋಡಿದ್ರೆ" ಅಂತ ಗೊಣಗ್ತಾನೇ ಇದ್ರು.

ಆದ್ರೆ ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನ ಅಜ್ಜಿಯಂದಿರೂ ಇದೇ ಮಾತು ಹೇಳ್ತಿದ್ರು ಮಾರಾಯ್ರೆ. ಆಗ ಅಲ್ಲಿ ಮೈ ಕಂದಿದೆ ಅಂದ್ರೆ ಹೊಲದಲ್ಲಿ ದುಡಿಯೋರು ಅಂತ ಲೆಕ್ಕ, ದೊಡ್ಡ ಮನೆ ಹೆಂಗಸರು ಟೋಪಿ, ಗ್ಲೌಸು, ಕೊಡೆ ಇಲ್ದೆ ಹೊರಗೆ ಕಾಲಿಡ್ತಿರ್ಲಿಲ್ಲ, ಅದಕ್ಕಿಂತ ಹಿಂದೆ ಮುಖ ಬಿಳಿ ಕಾಣ್ಲಿ ಅಂತ ಸೀಸ ಬೆರೆಸಿದ ಪೌಡರ್ ಹಚ್ಚಿ ವಿಷ ತಗೊಂಡವರೂ ಇದ್ರು. ಆಮೇಲೆ ಬಡವರು ಹೊಲ ಬಿಟ್ಟು ಫ್ಯಾಕ್ಟರಿ ಸೇರಿದ್ರು, ಅವರೂ ಬಿಸಿಲು ಕಾಣದೆ ಬಿಳುಚಿಕೊಂಡ್ರು. ಬಿಳಿ ಬಣ್ಣಕ್ಕೆ ಮೊದಲಿನ ಗತ್ತು ಉಳಿಲಿಲ್ಲ. ಸಮುದ್ರದ ಬದಿಯಲ್ಲಿ ಕೆಲಸ ಇಲ್ದೆ ಬಿದ್ಕೊಳ್ಳೋ ಪುರುಸೊತ್ತು ಯಾರಿಗುಂಟು, ಅವರೇ ದೊಡ್ಡವರು ಅಂತಾಯ್ತು.

ಡಾಕ್ಟರುಗಳೂ ಇದಕ್ಕೆ ಒತ್ತು ಕೊಟ್ರು. ಚರ್ಮದ ಟಿಬಿಗೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಲೇಸಾಂನಲ್ಲಿ ಆಗುಸ್ತ್ ರೋಲಿಯೇ ಟಿಬಿ ರೋಗಿಗಳನ್ನ ಬಿಸಿಲಿಗೆ ಮಲಗಿಸೋ ಕ್ಲಿನಿಕ್ ಶುರು ಮಾಡಿದ್ರು, 1919ರಲ್ಲಿ ಬರ್ಲಿನ್ನಿನ ಡಾಕ್ಟರೊಬ್ರು ಅಲ್ಟ್ರಾವಯಲೆಟ್ ಲೈಟಿಂದ ಮಕ್ಕಳ ಮೂಳೆ ಮೆತ್ತಗಾಗೋ ರಿಕೆಟ್ಸ್ ರೋಗ ವಾಸಿ ಮಾಡಿ ತೋರಿಸಿದ್ರು. ಫ್ಯಾಷನ್ ಡಿಸೈನರ್ ಕೊಕೊ ಶನೆಲ್ 1923ರಲ್ಲಿ ಹಡಗಿನ ಟ್ರಿಪ್ ಮುಗಿಸಿ ಕಂದು ಮೈಯಲ್ಲಿ ಇಳಿದ್ಳು, ಆವತ್ತಿಂದ ಟ್ಯಾನ್ ಫ್ಯಾಷನ್ ಆಯ್ತು ಅಂತ ಎಲ್ರೂ ಹೇಳೋ ಕಥೆ, ಆದ್ರೆ ನನಗನ್ನಿಸೋದು ಅಷ್ಟರಲ್ಲಾಗ್ಲೇ ಅಡಿಗೆ ಪೂರ್ತಿ ಆಗಿತ್ತು, ಅವಳು ಬಡಿಸಿದ್ದಷ್ಟೇ. 1936ರಲ್ಲಿ ಫ್ರಾನ್ಸಲ್ಲಿ ಕಾರ್ಮಿಕರಿಗೆ ಸಂಬಳದ ಜೊತೆ ಎರಡು ವಾರ ರಜೆ ಅಂತ ಕಾನೂನು ಬಂದ್ಮೇಲೆ ಅವರೂ ಬೀಚಿಗೆ ಹೊರಟ್ರು.

ನಮ್ಮಲ್ಲಿ ಗಾಳಿ ಉಲ್ಟಾ ಬೀಸ್ತಿತ್ತು. ಅಲ್ಲಿ ಟ್ಯಾನ್ ಎಣ್ಣೆ ಮಾರ್ತಿದ್ದ ಕಾಲದಲ್ಲೇ, 1975ರಲ್ಲಿ, ಇಲ್ಲಿ ಫೇರ್ ಅಂಡ್ ಲವ್ಲಿ ಬಂತು, ಹೆಸರಿಂದ 'ಫೇರ್' ಹೋಗ್ಲಿಕ್ಕೆ 2020 ಆಗ್ಬೇಕಾಯ್ತು.

ಇನ್ನು ಸನ್‌ಸ್ಕ್ರೀನ್. ಆಸ್ಟ್ರಿಯಾದ ಫ್ರಾಂಜ್ ಗ್ರೈಟರ್ ಅನ್ನೋ ಕೆಮಿಸ್ಟ್ 1938ರಲ್ಲಿ ಪಿಟ್ಸ್ ಬುಯಿನ್ ಬೆಟ್ಟ ಹತ್ತಿ ಮೈ ಸುಟ್ಕೊಂಡು ಬಂದು, 1946ರಲ್ಲಿ ಒಂದು ಕ್ರೀಮ್ ತಂದ್ರು, ಈಗಿನ ಲೆಕ್ಕಕ್ಕೆ ಅದು ಎಸ್‌ಪಿಎಫ್ 2 ಇದ್ರೆ ಹೆಚ್ಚು. ಎಸ್‌ಪಿಎಫ್ ಅನ್ನೋ, ಕ್ರೀಮ್ ಸುಡೋ ಬಿಸಿಲನ್ನ ಎಷ್ಟು ತಡೀತದೆ ಅಂತ ಹೇಳೋ ಅಳತೆಯನ್ನ ಬಳಕೆಗೆ ತಂದವರೂ ಅವರೇ. 30 ನಂಬರಿನದ್ದು ಸುಡೋ ಅಲ್ಟ್ರಾವಯಲೆಟ್ (ಯುವಿಬಿ) ಕಿರಣದ 97 ಪರ್ಸೆಂಟ್ ತಡೀತದೆ, 50ರದ್ದು 98, ಅಷ್ಟೇ ವ್ಯತ್ಯಾಸ. ಆದ್ರೆ ಈ ಲೆಕ್ಕ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದ್ರೆ ಮಾತ್ರ, ಅಂದ್ರೆ ಇಡೀ ಮೈಗೆ ಸುಮಾರು 30 ಎಂಎಲ್. ನಮ್ಮನೆಯಲ್ಲಿ 50 ಎಂಎಲ್ ಟ್ಯೂಬ್ ಒಂದು ವರ್ಷ ಬರ್ತದೆ!

ಟ್ಯಾನ್ ಅಂದ್ರೆ ಎಂತ ಅಂತ ನೋಡಿದ್ರೆ ಸ್ವಲ್ಪ ಬೇಜಾರಾಗ್ತದೆ. ಬಿಸಿಲಿನ ಕಿರಣ ಚರ್ಮದ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಚರ್ಮ ಮೆಲನಿನ್ ಅನ್ನೋ ಕಪ್ಪು ಬಣ್ಣ ಜಾಸ್ತಿ ಮಾಡಿ ಆ ಕೋಶದ ನ್ಯೂಕ್ಲಿಯಸ್ ಮೇಲೆ ಮುಟ್ಟಾಳೆ ಇಟ್ಟ ಹಾಗೆ ಇಡ್ತದೆ, ನಮ್ಮ ಅಜ್ಜ ಗದ್ದೆಗೆ ಹೋಗುವಾಗ ಅಡಿಕೆ ಹಾಳೆದು ಇಡ್ತಿದ್ರಲ್ಲ, ಅದೇ. ಗಟ್ಟಿ ಬಣ್ಣ ಬರೋದು ಎರಡ್ಮೂರು ದಿನ ಬಿಟ್ಟು, ಹಾಗಾಗಿ ಇವತ್ತು ಬಣ್ಣ ಬರ್ಲಿಲ್ಲ ಅಂತ ಇನ್ನೊಂದು ಗಂಟೆ ಮಲಗಿದ್ರೆ ಸುಟ್ಟುಕೊಳ್ಳೋದೇ ಲಾಭ. ಬಂದ ಟ್ಯಾನೂ ಎಸ್‌ಪಿಎಫ್ ಮೂರೋ ನಾಲ್ಕೋ ಅಷ್ಟು ಕೆಲಸ ಮಾಡ್ತದೆ ಅಷ್ಟೇ. ಅಲ್ಟ್ರಾವಯಲೆಟ್ ಲೈಟಿನ ಮೆಷಿನಲ್ಲಿ ಮಲಗಿ ಟ್ಯಾನ್ ಮಾಡ್ಸೋದಂತೂ ಬೇಡ್ವೇ ಬೇಡ, 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನ ಕ್ಯಾನ್ಸರ್ ತರೋದು ಖಚಿತ ಅಂತ ತಂಬಾಕಿನ ಸಾಲಿಗೆ ಸೇರಿಸಿದೆ, ಬ್ರೆಜಿಲ್ ಅದೇ ವರ್ಷ ಬ್ಯಾನ್ ಮಾಡಿತು.

ಪೂರ್ತಿ ಸೇಫ್ ಟ್ಯಾನ್ ಅಂತ ಒಂದಿಲ್ಲ, ಕಮ್ಮಿ ಡ್ಯಾಮೇಜ್ ಅಂತ ಮಾತ್ರ ಉಂಟು. ನಮ್ಮ ಕರಾವಳಿಯಲ್ಲಿ ಸೂರ್ಯ ನೆತ್ತಿಗೆ ಬರೋದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ, ಏಪ್ರಿಲ್ ಕೊನೆ ವಾರದಲ್ಲಂತೂ ಕಾಲಡಿಯಲ್ಲಿ ನೆರಳೇ ಇರೋದಿಲ್ಲ. ನಮ್ಮ ಹುಡುಗಿ ಹುಡುಕಿ ಹುಡುಕಿ ಅದೇ ಹೊತ್ತು ಹಿಡ್ದದ್ದು. ಮೇಲಿಂದ ಬೀಳೋದು ಸಾಲದು ಅಂತ ಒಣ ಮರಳು 15 ಪರ್ಸೆಂಟ್ ಯುವಿ ವಾಪಸ್ ಎಸೀತದೆ, ನೊರೆ 25. ಎಂಟೂವರೆ ಒಳಗೆ, ಇಲ್ಲಾ ನಾಲ್ಕೂವರೆ ಮೇಲೆ ಹೋಗಿ, ಸನ್‌ಸ್ಕ್ರೀನ್ ಹಚ್ಚಿಯೇ ಹೋಗಿ, ಅದಿದ್ರೆ ಟ್ಯಾನ್ ಬರೋದಿಲ್ಲ ಅನ್ನೋದು ಸುಳ್ಳು, ನಿಧಾನ ಆಗ್ತದೆ ಅಷ್ಟೇ. ನೀರಿಂದ ಎದ್ದ ಕೂಡ್ಲೇ ಮತ್ತೆ ಹಚ್ಚಿ, ಇಲ್ದಿದ್ರೂ ಎರಡು ಗಂಟೆಗೊಮ್ಮೆ. ತೆಂಗಿನೆಣ್ಣೆ ತಲೆಗೆ, ಗಸಿಗೆ ಒಳ್ಳೇದು, ಬಿಸಿಲಿಗೆ ನಂಬ್ಬೇಡಿ. ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಮಾಡೋ ಹುಡುಗರು ಮೂಗಿಗೆ, ಕೆನ್ನೆಗೆ ದಪ್ಪಕ್ಕೆ ಮೆತ್ಕೊಳ್ಳೋ ಬಿಳಿ ಜಿಂಕ್ ನೋಡಿದ್ದೀರಲ್ಲ, ದಿನಾ ಬಿಸಿಲಲ್ಲಿರೋರಿಗೆ ಅದರ ಬೆಲೆ ಗೊತ್ತು.

ಬಿಸಿಲೇ ಬೇಡ, ಬಣ್ಣ ಮಾತ್ರ ಸಾಕು ಅನ್ನೋರಿಗೆ ಡಿಎಚ್‌ಎ ಅನ್ನೋ ಕೆಮಿಕಲ್ ಇರೋ ಲೋಷನ್ ಸಿಗ್ತದೆ, ಅದು ಮೇಲಿನ ಸತ್ತ ಚರ್ಮದಲ್ಲಿರೋ ಅಮೈನೋ ಆಸಿಡ್ ಜೊತೆ ಸೇರಿ ಕಂದು ಬಣ್ಣ ಕೊಡ್ತದೆ, ಹೆಚ್ಚುಕಮ್ಮಿ ಎಣ್ಣೆಯಲ್ಲಿ ಗೋಳಿಬಜೆ ಕೆಂಪಾಗೋ ಕೆಮಿಸ್ಟ್ರಿಯೇ. ಅದು ಬಿಸಿಲಿಂದ ಕಾಪಾಡೋದಿಲ್ಲ, ವಾರದಲ್ಲಿ ಹೋಗ್ತದೆ.

ನಾಲ್ಕನೇ ದಿನ ಹುಡುಗಿಯ ಹೆಗಲು ಸಿಪ್ಪೆ ಏಳ್ಲಿಕ್ಕೆ ಶುರುವಾಯ್ತು, ಬೇಕಂತ ತಂದ ಬಣ್ಣವೂ ಅದರ ಜೊತೆಗೇ ಹೋಯ್ತು. ಅಮ್ಮ ಲೋಳೆಸರ ಹಚ್ಲಿಕ್ಕೆ ಕೂತಾಗ ಸೆಖೆಗೆ ರವಿಕೆ ತೋಳು ಒಂಚೂರು ಮೇಲೆ ಮಡಚಿದ್ರು. ಐವತ್ತು ವರ್ಷ ಗದ್ದೆ ಕೆಲಸ ಮಾಡಿದ ಕೈ, ತೋಳಿನ ಅಂಚಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗೆ ಗೆರೆ, ಕೆಳಗೆ ಕಾಫಿ ಪುಡಿ ಬಣ್ಣ, ಮೇಲೆ ಹಾಲು ಹಾಕಿದ ಚಾ. "ಅಜ್ಜಿ, ಇಂಥ ಟ್ಯಾನ್ ಲೈನಿಗೆ ಅಲ್ಲಿ ದುಡ್ಡು ಖರ್ಚು ಮಾಡ್ತಾರೆ ಗೊತ್ತುಂಟಾ?" ಅಂತ ಇವಳು ಫೋಟೋ ತೆಗೀಲಿಕ್ಕೆ ಹೋದ್ರೆ ಅಮ್ಮ ಸೆರಗು ಎಳ್ಕೊಂಡು ಕೇಳಿದ್ದು, "ಎಷ್ಟು ಕೊಡ್ತಾರೆ?"