‘ಟೇಕ್-ಆಫ್’ ಪದಕ್ಕೆ ಬೇಲಿ ಬಿದ್ದಿದ್ದು ಹೇಗೆ?

ಪೈಲಟ್ ಆಗಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು. ಇದು ಎಲ್ಲರಿಗೂ ಗೊತ್ತು. ಮಾತೂ ಬರಬೇಕು ಅಂದ ಕೂಡಲೇ ಮನೆಯವರು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕುತ್ತಾರೆ. ತಪ್ಪೇನಿಲ್ಲ. ಆದರೆ ವಿಮಾನದವರು ಕೇಳುವ ಮಾತೇ ಬೇರೆ. ಅದನ್ನು ಅವರು ಕಲಿತದ್ದು ಅಪಘಾತಗಳಿಂದ.

1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿತ್ತು. ಅಲ್ಲಿಗೆ ಹೋಗಬೇಕಿದ್ದ ವಿಮಾನಗಳು ಇಲ್ಲಿ ಬಂದು ತುಂಬಿಕೊಂಡಿದ್ದವು. ಜತೆಗೆ ದಟ್ಟ ಮಂಜು. ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ ಜಂಬೋ ವಿಮಾನ ರನ್‌ವೇ ತುದಿಯಲ್ಲಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಜಂಬೋ ಅದೇ ರನ್‌ವೇಯಲ್ಲಿ ಎದುರಿಗೆ ಬರುತ್ತಿತ್ತು. ‘ವಿ ಆರ್ ನೌ ಅಟ್ ಟೇಕ್-ಆಫ್’ ಅಂದರು ಕೆಎಲ್‌ಎಂ ಕೋ-ಪೈಲಟ್. ಆಗಲೇ ವಿಮಾನ ಓಡತೊಡಗಿತ್ತು. ಟವರ್‌ನವರು, ಅಂದರೆ ವಿಮಾನಗಳಿಗೆ ನೆಲದಿಂದ ಸೂಚನೆ ಕೊಡುವವರು, ಅಂದುಕೊಂಡಿದ್ದು, ಹೊರಡಲು ಸಿದ್ಧವಾಗಿ ನಿಂತಿದ್ದಾರೆ ಅಂತ. ‘ಓಕೆ’ ಅಂದರು. ‘ಕಾಯಿರಿ, ನಾನೇ ಕರೆಯುತ್ತೇನೆ’ ಅಂತಲೂ ಸೇರಿಸಿದರು. ಅಷ್ಟರಲ್ಲಿ ಪ್ಯಾನ್ ಆಮ್‌ನವರೂ ಮಾತಾಡಿದರು. ರೇಡಿಯೋದಲ್ಲಿ ಎರಡು ದನಿ ಒಟ್ಟಿಗೆ ಬಂದು, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೇಳಿದ್ದು ಬರೀ ಕೀರಲು ಸದ್ದು. ಅನುಮಾನ ಬಂದದ್ದು ಫ್ಲೈಟ್ ಎಂಜಿನಿಯರ್‌ಗೆ ಮಾತ್ರ. ಪ್ಯಾನ್ ಆಮ್ ಇನ್ನೂ ರನ್‌ವೇ ಬಿಟ್ಟಿಲ್ವಾ ಎಂದು ಕೇಳಿದರು. ಬಿಟ್ಟಿದೆ ಅಂದರು ಕ್ಯಾಪ್ಟನ್. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ಆಮೇಲೆ ‘ಟೇಕ್-ಆಫ್’ ಪದಕ್ಕೆ ಬೇಲಿ ಬಿತ್ತು. ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಆ ಪದ. ಉಳಿದ ಕಡೆಯೆಲ್ಲ ‘ಡಿಪಾರ್ಚರ್’. ರನ್‌ವೇ, ಎತ್ತರದಂಥ ಸೂಚನೆಗಳಿಗೆ ‘ಓಕೆ’ ಅಂದರೆ ಸಾಲದು. ಕೇಳಿಸಿಕೊಂಡದ್ದನ್ನು ಪೈಲಟ್ ತಿರುಗಿ ಹೇಳಬೇಕು. ಇದೇ ರೀಡ್‌ಬ್ಯಾಕ್.

1990ರ ಜನವರಿ 25ರದ್ದು ಇನ್ನೊಂದು ಥರದ ಕತೆ. ಕೊಲಂಬಿಯಾದ ಏವಿಯಾಂಕಾ ವಿಮಾನವನ್ನು ನ್ಯೂಯಾರ್ಕ್‌ಗೆ ಬರುವ ದಾರಿಯಲ್ಲಿ ಒಂದು ಗಂಟೆಗೂ ಜಾಸ್ತಿ ಹೊತ್ತು ಆಕಾಶದಲ್ಲೇ ಸುತ್ತಿಸಿದ್ದರು. ಎಮರ್ಜೆನ್ಸಿ ಅಂತ ಹೇಳು ಎಂದು ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಹೇಳಿದರು. ಕೋ-ಪೈಲಟ್ ರೇಡಿಯೋದಲ್ಲಿ ಹೇಳಿದ್ದು ‘ಇಂಧನ ಮುಗಿಯುತ್ತಿದೆ’ ಎಂದಷ್ಟೇ. ಅವರ ಇಂಗ್ಲಿಷ್ ಅಂಥ ಕೆಟ್ಟದ್ದೇನಲ್ಲ. ಆಡಬೇಕಾಗಿದ್ದ ಆ ಒಂದು ಪದ ಮಾತ್ರ ಬಾಯಿಗೆ ಬರಲಿಲ್ಲ. ಟ್ಯಾಂಕ್ ಬರಿದಾಗಿ ವಿಮಾನ ಬಿತ್ತು. 73 ಸಾವು.

ಮುಂದಿನದು ನಮ್ಮ ದೇಶದ್ದೇ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಝಾಕ್ ವಿಮಾನಗಳು ಡಿಕ್ಕಿಯಾದವು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಝಾಕ್ ವಿಮಾನ 15,000 ಅಡಿಯಲ್ಲಿ ಇರಬೇಕಿತ್ತು, ಅದು ಇನ್ನೂ ಕೆಳಗೆ ಇಳಿದಿತ್ತು. ಅದರಲ್ಲಿ ಟವರ್ ಜತೆ ಇಂಗ್ಲಿಷ್ ಮಾತಾಡಲು ರೇಡಿಯೋ ಆಪರೇಟರ್ ಬೇರೆ ಇದ್ದರು. ಪೈಲಟ್‌ಗಳು ಅವರನ್ನೇ ನಂಬಿದ್ದರು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಭಾಷಾ ಪರೀಕ್ಷೆ ಬಂದದ್ದು ಇಂಥ ಅಪಘಾತಗಳ ನಂತರ. 6 ಹಂತಗಳಲ್ಲಿ ಕನಿಷ್ಠ 4 ಬೇಕು. ಉಚ್ಚಾರಣೆ, ವ್ಯಾಕರಣ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರರಲ್ಲಿ ಯಾವುದರಲ್ಲಿ ಕಡಿಮೆ ಬರುತ್ತದೋ ಅದೇ ಒಟ್ಟು ಫಲಿತಾಂಶ. ಕನ್ನಡದ ಛಾಯೆ ಇರುವ ಇಂಗ್ಲಿಷ್ ನಡೆಯುತ್ತದೆ, ಅರ್ಥವಾದರೆ ಸಾಕು. ಹಳ್ಳಿಯಿಂದ ಬಂದವರು ಇದಕ್ಕೆ ಸುಮ್ನೆ ಹೆದರುತ್ತಾರೆ. ನನಗೆ ಕಾಣುವಂತೆ ಕಷ್ಟ ಇರುವುದು ಬೇರೆ ಕಡೆ, ಪಕ್ಕದ ಸೀಟಿನ ಹಿರಿಯರಿಗೆ ‘ಇದು ಸರಿಯಿಲ್ಲ’ ಅನ್ನುವುದರಲ್ಲಿ.

1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಇಂಧನ ಮುಗಿದು ಬಿತ್ತು. ಕ್ಯಾಪ್ಟನ್ ಚಕ್ರದ ದೋಷದಲ್ಲೇ ಮುಳುಗಿದ್ದರು. ಉಳಿದವರು ಇಂಧನದ ವಿಷಯ ಎತ್ತಿದರು, ಆದರೆ ಪಟ್ಟು ಹಿಡಿಯಲಿಲ್ಲ. ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಎಂಬ ತರಬೇತಿ ಶುರುವಾದದ್ದು ಆಗ. ಹೆಸರು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್.

ಪೋರ್ಟ್‌ಲ್ಯಾಂಡ್‌ನ ಆ ಅಪಘಾತ ಆಗಿ ಮೂವತ್ತು ವರ್ಷದ ಮೇಲೆ, 2010ರ ಮೇ 22ರ ಬೆಳಿಗ್ಗೆ, ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿಯುತ್ತಿತ್ತು. ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು. ಕೋ-ಪೈಲಟ್ ‘ಗೋ ಅರೌಂಡ್’, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಅಂದರು. ತನಿಖಾ ವರದಿಯ ಪ್ರಕಾರ ಮೂರು ಸಲ. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 166 ಜನರಲ್ಲಿ ಉಳಿದವರು 8.