ಒಳಾಂಗ ಕೊಬ್ಬು: ತೂಕದ ಯಂತ್ರಕ್ಕೆ ಕಾಣದ ಬದಲಾವಣೆ

ಹೊಟ್ಟೆಯ ಮೇಲೆ ಎರಡು ಬೆರಳಿಗೆ ಮಡಿಕೆಯಾಗಿ ಸಿಗುವುದು ಚರ್ಮದಡಿಯ ಕೊಬ್ಬು. ಒಳಾಂಗ ಕೊಬ್ಬು ಹಾಗೆ ಕೈಗೆ ಸಿಗದು. ಅದು ಹೊಟ್ಟೆಯ ಸ್ನಾಯುಗಳಿಗಿಂತ ಒಳಗೆ, ಕರುಳಿನ ಸುತ್ತಮುತ್ತ ಮತ್ತು ಅದರ ಮುಂದೆ ಪರದೆಯಂತೆ ಇಳಿಬಿದ್ದ ಪೊರೆಯಲ್ಲಿ ಕೂಡಿಕೊಳ್ಳುತ್ತದೆ. ವೈದ್ಯರು ವಿಸರಲ್ ಫ್ಯಾಟ್ ಎನ್ನುವುದು ಇದನ್ನೇ.

ಮುಟ್ಟು ನಡೆಯುತ್ತಿರುವಷ್ಟು ಕಾಲ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಹೆಚ್ಚುವರಿ ಕೊಬ್ಬನ್ನು ತೊಡೆ, ನಿತಂಬಗಳ ಕಡೆ ಕಳಿಸುತ್ತದೆ. ಅಲ್ಲಿನ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಋತುಬಂಧ, ಅಂದರೆ ಮುಟ್ಟು ನಿಲ್ಲುವ ಕಾಲ, ಹತ್ತಿರವಾಗಿ ಈಸ್ಟ್ರೋಜನ್ ಇಳಿದಂತೆ ಈ ಹಂಚಿಕೆ ಹೊಟ್ಟೆಯ ಕಡೆ ವಾಲುತ್ತದೆ. ನಡುವಯಸ್ಸಿನಲ್ಲಿ ತೂಕ ಏರುವುದಕ್ಕೆ ಮುಖ್ಯ ಕಾರಣ ವಯಸ್ಸು. ಕೊಬ್ಬಿನ ಜಾಗ ಬದಲಾಗುವುದರಲ್ಲಿ ಋತುಬಂಧದ ಪಾಲು ದೊಡ್ಡದು. ಎರಡನ್ನೂ ಒಂದೇ ಎಂದುಕೊಂಡರೆ ಮೋಸಹೋಗುತ್ತೇವೆ. ಏಕೆಂದರೆ ಇದೇ ವರ್ಷಗಳಲ್ಲಿ ಸ್ನಾಯು ಕರಗುತ್ತದೆ, ಕೊಬ್ಬು ಆ ತೂಕವನ್ನು ತುಂಬಿಬಿಡುತ್ತದೆ, ಯಂತ್ರ ಹಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ.

ಕಾಲದ ಲೆಕ್ಕವೂ ಗಮನಿಸಬೇಕಾದದ್ದು. ಅಮೆರಿಕದಲ್ಲಿ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸ್ವಾನ್ ಅಧ್ಯಯನದಲ್ಲಿ, ಕೊನೆಯ ಮುಟ್ಟಿಗೆ ಸುಮಾರು 2 ವರ್ಷ ಮೊದಲೇ ಒಳಾಂಗ ಕೊಬ್ಬು ಬೇಗಬೇಗ ಏರತೊಡಗಿದ್ದು ಕಂಡಿತು. ಋತುಬಂಧವಾಗಿದೆ ಎಂದು ಹೇಳಲು 12 ತಿಂಗಳು ಮುಟ್ಟು ಬಾರದಿರಬೇಕು. ಅಂದರೆ ಆ ಮಾತು ಕಿವಿಗೆ ಬೀಳುವ ಹೊತ್ತಿಗೆ ಕೆಲವು ವರ್ಷಗಳ ಸಂಗ್ರಹ ಆಗಿಹೋಗಿರಬಹುದು. ಮುಟ್ಟು ಏರುಪೇರಾದಾಗಲೇ ಅಳತೆ ಶುರುಮಾಡುವುದು ಜಾಣತನ.

ಈ ಕೊಬ್ಬು ಕೆಡುಕು ಮಾಡುವುದು ತಾನಿರುವ ಜಾಗದಿಂದ. ಇಲ್ಲಿಂದ ಹೊರಡುವ ರಕ್ತದ ಬಹುಪಾಲು ನೇರ ಯಕೃತ್ತಿಗೆ ಹೋಗುತ್ತದೆ, ಜೊತೆಗೆ ಕೊಬ್ಬಿನಾಮ್ಲಗಳನ್ನೂ ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನೂ ಒಯ್ಯುತ್ತದೆ. ಯಕೃತ್ತು ಇನ್ಸುಲಿನ್‌ನ ಮಾತು ಕೇಳದಾಗುತ್ತದೆ. ರಕ್ತಕ್ಕೆ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಎರಡನ್ನೂ ಹೆಚ್ಚು ಬಿಡುತ್ತದೆ.

ಅಳೆಯಲು ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ, ಬರಿಮೈ ಮೇಲೆ, ಸಹಜವಾಗಿ ಉಸಿರು ಬಿಟ್ಟ ಕೊನೆಗೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳುವುದು, ಉಡುಪು ಕಟ್ಟುವ ಜಾಗದಲ್ಲಿ ಟೇಪು ಸುತ್ತುವುದು ಸಾಮಾನ್ಯ ತಪ್ಪುಗಳು. ಮಹಿಳೆಯರಲ್ಲಿ 80 ಸೆಂ.ಮೀ. ದಾಟಿದರೆ, ಅಥವಾ ಎತ್ತರದ ಅರ್ಧಕ್ಕಿಂತ ಹೆಚ್ಚಾದರೆ, ರಕ್ತಪರೀಕ್ಷೆ ಮಾಡಿಸಬೇಕು. ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 50ಕ್ಕಿಂತ ಕೆಳಗೆ, ಬರಿಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ, ರಕ್ತದೊತ್ತಡ 130/85 ಅಥವಾ ಮೇಲೆ: ಹೆಚ್ಚಿದ ಸುತ್ತಳತೆಯೂ ಸೇರಿ ಐದರಲ್ಲಿ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಹೃದ್ರೋಗ, ಮಧುಮೇಹದ ಅಪಾಯ ಹೆಚ್ಚಿಸುವ ಲಕ್ಷಣಗಳ ಗುಂಪು, ಎನ್ನುತ್ತಾರೆ.

ಸಮಾಧಾನದ ಸಂಗತಿಯೆಂದರೆ, ವ್ಯಾಯಾಮಕ್ಕೆ ಈ ಕೊಬ್ಬು ಚೆನ್ನಾಗಿ ಬಗ್ಗುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ ಬೇಕು. ಹೊಟ್ಟೆಯ ಸ್ನಾಯುಗಳಿಗಷ್ಟೇ ಕಸರತ್ತು ಕೊಟ್ಟರೆ ಸ್ನಾಯು ಗಟ್ಟಿಯಾದೀತು, ಒಳಗಿನ ಕೊಬ್ಬು ಅದರಿಂದಲೇ ಕರಗದು. ಕೊಬ್ಬನ್ನು ಹೀರಿ ಹೊರತೆಗೆಯುವ ಲಿಪೊಸಕ್ಷನ್ ಶಸ್ತ್ರಚಿಕಿತ್ಸೆ ತೆಗೆಯುವುದು ಚರ್ಮದಡಿಯದನ್ನು ಮಾತ್ರ. ಹಾರ್ಮೋನ್ ಚಿಕಿತ್ಸೆ ಹೊಟ್ಟೆಯ ಸಂಗ್ರಹವನ್ನು ತುಸು ತಡೆದರೂ, ಅದಕ್ಕಾಗಿಯೇ ಅದನ್ನು ಕೊಡುವುದಿಲ್ಲ. ವ್ಯಾಯಾಮ ಶುರುವಾದ ಮೇಲೆ ಸ್ನಾಯು ಕೂಡಿ ತೂಕ ಅಲ್ಲೇ ನಿಂತಂತೆ ಕಂಡೀತು. ಆಗ ನೋಡಬೇಕಾದದ್ದು ಟೇಪನ್ನು.